ಮೇಲ್ಮಹಡಿಯವಳನ್ನು ಅಕ್ಕ ಮಾಡಿದವಳು

ಸದ್ದಮ್ಮ ಎನ್ನುವುದು ಕೆಲಸ ಕೊಟ್ಟ ಹೆಸರು. ಬದುಕಿಡೀ ಸದ್ದು ಮಾಡಿಯೇ ಅನ್ನ ತಿಂದವಳು, ಮಾತು ಮಾತ್ರ ಬಲು ಮೆತ್ತಗೆ. ರೆಕಾರ್ಡಿಂಗ್ ಸ್ಟುಡಿಯೋದ ಹಿಂಬದಿಯ ಕೋಣೆ ಅವಳದು. ಗೋಡೆಗಳಿಗೆಲ್ಲ ಹಳೆಯ ಹಾಸಿಗೆ ಹೊಡೆದಿದ್ದರು. ನೆಲದ ಮೇಲೆ ಒಂದು ಟ್ರೇ ಮರಳು, ಇನ್ನೊಂದರಲ್ಲಿ ಜಲ್ಲಿ, ಪಕ್ಕದಲ್ಲಿ ಉದ್ದನೆಯ ಹಲಗೆ. ಮೂಲೆಯಲ್ಲಿ ಒಂದು ಚೌಕಟ್ಟು, ಅದಕ್ಕೊಂದು ಬಾಗಿಲು. ತೆರೆದರೆ ಆಚೆಗೆ ಗೋಡೆ. ಧ್ವನಿ ನಾಟಕದ ನಾಯಕ ಮೆಟ್ಟಿಲು ಹತ್ತಿದರೆ ಏದುಸಿರು ಬಿಡುತ್ತಿದ್ದವಳು ಸದ್ದಮ್ಮ. ಖಳನ ಮೂಳೆ ಮುರಿದರೆ ಮುರಿದದ್ದು ಅವಳ ಕೈಯ ಕ್ಯಾರೆಟ್. ಆ ಮುರುಕುಗಳನ್ನು ಸಂಜೆ ಚೀಲಕ್ಕೆ ಹಾಕಿಕೊಂಡು ಮನೆಗೆ ತಂದರೆ ಗಂಡ ಇಣುಕಿ, "ಇವತ್ತು ಯಾರ ಪಕ್ಕೆಲುಬೇ?" ಎಂದು ಕೇಳುತ್ತಿದ್ದ.

ಗಂಡ ಲಿಫ್ಟ್ ರಿಪೇರಿ ಮಾಡುವವನು. ಮನೆಯಲ್ಲಿ ಅವರಿಬ್ಬರು, ಜೊತೆಗೆ ಅವನ ತಂಗಿ. ಸದ್ದಮ್ಮ ಮದುವೆಯಾಗಿ ಬಂದಾಗ ಆ ನಾದಿನಿ ಇನ್ನೂ ಸ್ಕೂಲಿಗೆ ಹೋಗುವ ಹುಡುಗಿ. ತಾಯಿಯಿಲ್ಲದ ಮಗುವಿನ ತಲೆ ಬಾಚಿ, ಜ್ವರ ಬಂದಾಗ ಪಕ್ಕದಲ್ಲಿ ಕೂತು, ಮಗಳಂತೆಯೇ ಬೆಳೆಸಿದಳು. ಪುಟ್ಟಿ ಎಂದು ಕರೆದದ್ದು ನಲವತ್ತು ದಾಟಿದರೂ ಪುಟ್ಟಿಯಾಗಿಯೇ ಉಳಿದಿತ್ತು. ಪುಟ್ಟಿ ಕನ್ನಡಕದ ಅಂಗಡಿಯಲ್ಲಿ ಗಾಜು ಉಜ್ಜಿ ಫ್ರೇಮಿಗೆ ಕೂರಿಸುತ್ತಿದ್ದಳು. ಮದುವೆ ಬೇಡವೆಂದು ಒಮ್ಮೆ ಹೇಳಿದಳು, ಯಾರೂ ಮತ್ತೆ ಆ ಮಾತು ಎತ್ತದ ಹಾಗೆ ಹೇಳಿದಳು.

ಪ್ರತಿ ಭಾನುವಾರ ಅವಳನ್ನು ನೋಡಲು ಒಬ್ಬಾಕೆ ಬರುತ್ತಿದ್ದಳು. ಹಲ್ಲಿನ ಆಸ್ಪತ್ರೆಗಳಿಗೆ ಕಟ್ಟು ಹಲ್ಲಿನ ಸೆಟ್ಟು ಮಾಡಿಕೊಡುವವಳು, ಎತ್ತರದ ಹೆಂಗಸು, ನಕ್ಕರೆ ಮನೆಯೆಲ್ಲ ನಗಬೇಕು. ಗಂಡ ಹೇಳುತ್ತಿದ್ದ: "ಕಣ್ಣು, ಕಿವಿ, ಹಲ್ಲು ಮೂರೂ ನಮ್ಮನೇಲೇ ರೆಡಿ ಸಿಗುತ್ತೆ. ಬುದ್ಧಿ ಒಂದು ಮಾತ್ರ ಹೊರಗಡೆಯಿಂದ ತರಿಸ್ಬೇಕು." ಪುಟ್ಟಿಯ ಕೋಣೆಯ ಬಾಗಿಲು ಆ ದಿನ ಮಧ್ಯಾಹ್ನವಿಡೀ ಮುಚ್ಚಿರುತ್ತಿತ್ತು. ಮನೆಯವರಿಗೆ ಎಲ್ಲ ಗೊತ್ತಿತ್ತು. ಗೊತ್ತಿದೆ ಎಂದು ಯಾರೂ ಬಾಯಿ ಬಿಡಲಿಲ್ಲ.

ಆದರೆ ಮನೆಗೆ ಹೀಗೆ ಬಂದು ಹೋಗುವವರಿಗೆ ಒಂದು ಸಂಬಂಧ ಬೇಕಲ್ಲ. ಕೆಳಗಿನ ಮನೆಯ ರಿಟೈರ್ಡ್ ಟೀಚರಮ್ಮ ಮೆಟ್ಟಿಲ ಬಳಿ ತಡೆದು, ಯಾರವರು ಎಂದು ಕೇಳಿದ ದಿನ ಸದ್ದಮ್ಮನ ಬಾಯಿಂದ ತಾನಾಗಿಯೇ ಬಂತು: ನಮಗೆ ದೂರದ ಸಂಬಂಧ, ಪುಟ್ಟಿಗೆ ಅಕ್ಕ ಆಗಬೇಕು, ತಾಯಿ ಕಡೆಯಿಂದ. ಅಂದಿನಿಂದ ಆಕೆ ಎಲ್ಲರ ಬಾಯಲ್ಲಿ ಹಲ್ಲಕ್ಕ. ಮನೆಯ ಮಾನವೂ ಉಳಿಯಿತು, ಹುಡುಗಿಗೆ ಬೇಕಾದದ್ದೂ ಸಿಕ್ಕಿತು, ಒಬ್ಬರಿಗೂ ನೋವಾಗಲಿಲ್ಲ ಎಂದುಕೊಂಡಳು ಸದ್ದಮ್ಮ. ಇಂಥ ಸುಳ್ಳನ್ನು ದೇವರು ಹೊಟ್ಟೆಗೆ ಹಾಕಿಕೊಳ್ಳುತ್ತಾನೆ ಎಂದೂ ನಂಬಿದ್ದಳು.

ಆ ಹೊತ್ತಿಗೆ ವಾರಪತ್ರಿಕೆಯೊಂದರಲ್ಲಿ 'ಮೇಲ್ಮಹಡಿ' ಎಂಬ ದೆವ್ವದ ಕತೆಯ ಸರಣಿ ಬರತೊಡಗಿತು. ಹೆಂಗಸರಿಗೆ ಕೋಣೆ ಬಾಡಿಗೆ ಕೊಡುವ ಒಬ್ಬ ಮನೆಯೊಡತಿ. ಮೇಲ್ಮಹಡಿಯ ಕೋಣೆಯ ಹುಡುಗಿ ಜ್ವರದಲ್ಲಿ ಸಾಯುತ್ತಾಳೆ, ಆಮೇಲೆ ಮತ್ತೆ ಬರುತ್ತಾಳೆ. ಉಳಿದವರು ಗಂಟುಮೂಟೆ ಕಟ್ಟಿ ಓಡಿದರೆ ಮನೆಯೊಡತಿ ಮಾತ್ರ ಬಾಗಿಲು ತೆರೆದಿಟ್ಟು ಕಾಯುತ್ತಾಳೆ, ಯಾಕೆಂದರೆ ಬದುಕಿದ್ದಾಗ ಹೇಳಲಾಗದ ಪ್ರೀತಿ ಅವರದು. ಸತ್ತವಳು ಬಂದು ಹೋದಾಗಲೆಲ್ಲ ಇವಳ ಕಿವಿಯಿಂದ ಒಂದೊಂದು ಸದ್ದು ಅಳಿಸಿಹೋಗುತ್ತದೆ. ಮೊದಲು ನಲ್ಲಿಯ ಹನಿ, ಆಮೇಲೆ ಹಕ್ಕಿ, ಆಮೇಲೆ ಹೆತ್ತ ತಾಯಿಯ ದನಿ. ಆದರೂ ಬಾಗಿಲು ಮುಚ್ಚುವುದಿಲ್ಲ.

ಪುಟ್ಟಿಗೆ ಆ ಕತೆಯ ಹುಚ್ಚು. ಪತ್ರಿಕೆ ಬಂದ ಸಂಜೆ ಅಡುಗೆಮನೆಯ ಕಟ್ಟೆ ಹತ್ತಿ ಕೂತು ಅತ್ತಿಗೆಗೆ ಓದಿ ಹೇಳುತ್ತಿದ್ದಳು. ದೆವ್ವವೆಂದರೆ ಕೈಕಾಲು ತಣ್ಣಗಾಗುವ ಸದ್ದಮ್ಮ ಅದಕ್ಕೆ ಹೇಗೋ ಕಿವಿ ಕೊಡುತ್ತಿದ್ದಳು. ಆ ಇಬ್ಬರು ಹತ್ತಿರವಾಗುವ ಜಾಗ ಬಂದಾಗ ಮಾತ್ರ ಪುಟ್ಟಿಯ ದನಿ ತಗ್ಗುತ್ತಿತ್ತು, ಸದ್ದಮ್ಮನಿಗೆ ಆಗಲೇ ಪಾತ್ರೆ ತೊಳೆಯುವ ನೆನಪಾಗುತ್ತಿತ್ತು. ನಾಜೂಕಾಗಿ ಸದ್ದು ಮಾಡುವುದೇ ಕಸುಬಾದವಳು ಆಗ ಪಾತ್ರೆಗಳನ್ನು ಎತ್ತಿ ಕುಕ್ಕುತ್ತಿದ್ದಳು. ಪುಟ್ಟಿ ಕಾಯುತ್ತಿದ್ದಳು, ಪಾತ್ರೆ ನಿಂತ ಮೇಲೆ ಬಿಟ್ಟ ಸಾಲಿನಿಂದಲೇ ಓದುತ್ತಿದ್ದಳು.

ಸರಣಿ ಮುಗಿದ ಮೇಲೆ ಅದು ಧ್ವನಿ ನಾಟಕವಾಯಿತು, ಕೆಲಸ ಸದ್ದಮ್ಮನ ಸ್ಟುಡಿಯೋಕ್ಕೇ ಬಂತು. ಒಂದು ಮನೆಯ ಸದ್ದುಗಳನ್ನೆಲ್ಲ ಕಟ್ಟಿ, ಕಂತಿಗೊಂದರಂತೆ ತೆಗೆಯುತ್ತಾ ಹೋಗುವ ಕೆಲಸ. ಸತ್ತವಳ ಹೆಜ್ಜೆಗೆ ಹಲಗೆಯ ಮೇಲೆ ಒದ್ದೆ ಟವೆಲ್ ಹಾಸಿ ಬರಿಗಾಲಲ್ಲಿ ನಡೆದಳು. ಒಂದು ಕಂತಿನಲ್ಲಿ ಮುತ್ತೂ ಇತ್ತು. ಗಾಜಿನಾಚೆ ರೆಕಾರ್ಡಿಂಗಿಗೆ ಕೂತಿದ್ದ ಗಂಡಸರ ಕಡೆ ಬೆನ್ನು ಹಾಕಿ, ಕಣ್ಣು ಮುಚ್ಚಿ, ತನ್ನ ಮಣಿಕಟ್ಟಿಗೆ ತಾನೇ ಮುತ್ತಿಟ್ಟುಕೊಂಡಳು. ಆ ಕಂತು ಬಂದ ದಿನ ಪುಟ್ಟಿ ಅಡುಗೆಮನೆಗೆ ಬಂದು ಕಿವಿಯ ಹತ್ತಿರ ಕೇಳಿದಳು: "ಅದೂ ನೀವೇನಾ ಅತ್ತಿಗೆ?"

"ಸುಮ್ನಿರೇ. ಕೈಗೆ ಕಣೇ, ನನ್ನ ಕೈಗೆ."

ಇಬ್ಬರೂ ಸೆರಗು ಬಾಯಿಗೊತ್ತಿಕೊಂಡು ನಕ್ಕರು. ಆ ಮನೆಯಲ್ಲಿ ಆ ವಿಷಯಕ್ಕೆ ಅತಿ ಹತ್ತಿರ ಬಂದ ಮಾತು ಅದೇ. ಎಲ್ಲವನ್ನೂ ಹೇಳಿಕೊಂಡಷ್ಟೇ ಹಗುರವಾಗಿ ಪುಟ್ಟಿ ಆ ದಿನ ಓಡಾಡಿದಳು.

ಆಮೇಲೆ ಟೀವಿಯವರು ಬಂದರು. ಧಾರಾವಾಹಿ ಮಾಡಲು ಹೊರಟ ನಿರ್ದೇಶಕ ಸದ್ದಿನ ಕೆಲಸ ವಹಿಸಿದ್ದ ಸ್ಟುಡಿಯೋದವರನ್ನೂ ಮೊದಲ ಮಾತುಕತೆಗೆ ಕರೆದಿದ್ದ. ಸದ್ದಮ್ಮ ಮೂಲೆಯ ಕುರ್ಚಿಯ ಅಂಚಿಗೆ ಕೂತಿದ್ದಳು. ಪ್ರೀತಿಯ ವಿಷಯ ಬಂದಾಗ ಎಲ್ಲರೂ ತಡವರಿಸಿದರು. ಬಿಡುವುದೂ ಕಷ್ಟ, ಇಡುವುದೂ ಕಷ್ಟ. ಕೊನೆಗೆ ನಿರ್ದೇಶಕ ಇವಳ ಕಡೆ ತಿರುಗಿ, ನೀವು ಸಂಸಾರಸ್ಥರು, ನೀವೇ ಹೇಳಿ, ಮನೆಮಂದಿಯ ಜೊತೆ ಕೂತು ನೋಡುತ್ತೀರಾ ಎಂದ.

ಸದ್ದಮ್ಮನ ಕಣ್ಣ ಮುಂದೆ ತನ್ನ ಮನೆಯ ನಡುಕೋಣೆ ಬಂತು. ಟೀವಿ, ಗಂಡ, ಕೆಳಗಿನ ಟೀಚರಮ್ಮ, ಒಂದೇ ಸೋಫಾದಲ್ಲಿ ಪುಟ್ಟಿ ಮತ್ತು ಹಲ್ಲಕ್ಕ. ತೆರೆಯ ಮೇಲೆ ಆ ಇಬ್ಬರು ಹೆಂಗಸರು ಕೈ ಹಿಡಿದ ಕೂಡಲೇ ಟೀಚರಮ್ಮನ ಕಣ್ಣು ಸೋಫಾದ ಕಡೆ ಹೊರಳುವುದು ಕಂಡಂತಾಯಿತು.

"ಅಕ್ಕ ತಂಗಿ ಅಂತ ಮಾಡಿಬಿಡಿ ಸಾರ್," ಅಂದಳು. "ಸತ್ತೋಳು ಅಕ್ಕ. ಯಾರೂ ಏನೂ ಕೇಳಲ್ಲ."

ಕೋಣೆಯಲ್ಲಿದ್ದವರೆಲ್ಲ ಉಸಿರು ಬಿಟ್ಟರು. ನಿರ್ದೇಶಕ ಮೇಜು ತಟ್ಟಿ, ನಮ್ಮ ತಲೆಗೆ ಹೊಳೆಯಲಿಲ್ಲವಲ್ಲ ಎಂದು ಮೆಚ್ಚಿಕೊಂಡ, ಅವಳಿಗೆ ಕಾಫಿ ತರಿಸಿದ. ಇಷ್ಟು ವರ್ಷದಲ್ಲಿ ಸ್ಟುಡಿಯೋದಲ್ಲಿ ಅವಳ ಮಾತು ಯಾರಿಗೂ ಬೇಕಾಗಿರಲಿಲ್ಲ. ಕಾಫಿ ಕುಡಿಯುವಾಗ ಹೆಮ್ಮೆಯೆನಿಸಿದ್ದು ಸುಳ್ಳಲ್ಲ. ಮನೆಗೆ ಬಂದು ಗಂಡನಿಗೆ ಹೇಳಿದಳು, ಪುಟ್ಟಿಗೆ ಹೇಳಬೇಡಿ ಎಂದೂ ಹೇಳಿದಳು. ಯಾಕೆ ಹೇಳಬಾರದು ಎಂದು ತನ್ನನ್ನು ತಾನು ಕೇಳಿಕೊಳ್ಳಲಿಲ್ಲ.

ಮೊದಲ ಕಂತು ಭಾನುವಾರ ಸಂಜೆ. ಸದ್ದಮ್ಮ ಕಂಡಂತೆಯೇ ಎಲ್ಲರೂ ಕೂತಿದ್ದರು. ಪುಟ್ಟಿಯ ಕಾಲು ಬೆಳಗಿನಿಂದ ನೆಲದ ಮೇಲೆ ನಿಂತಿರಲಿಲ್ಲ. ಹಲ್ಲಕ್ಕ ಹೊಸ ಕನ್ನಡಕ ಹಾಕಿ ಬಂದಿದ್ದಳು, ಪುಟ್ಟಿ ಕೂರಿಸಿಕೊಟ್ಟ ಗಾಜು. ಟೀವಿಯಲ್ಲಿ ಮೇಲ್ಮಹಡಿಯ ಬಾಗಿಲು ಕಿರ್ರೆಂದಿತು. ಮನೆಯೊಡತಿ ತಿರುಗಿ ನೋಡಿ, "ಅಕ್ಕಾ" ಅಂದಳು.

ಪುಟ್ಟಿ ಮುಂದಕ್ಕೆ ಬಾಗಿದಳು, ಕೇಳಿಸಿದ್ದು ಸರಿಯೋ ತಪ್ಪೋ ಎಂಬಂತೆ. ಎರಡನೆಯ ಸಲ ಅಂದಾಗ ಹಿಂದಕ್ಕೊರಗಿದಳು. ಟೀಚರಮ್ಮ ಕಣ್ಣೊರೆಸಿಕೊಂಡು, ಒಡಹುಟ್ಟಿದವರೆಂದರೆ ಹೀಗಿರಬೇಕು ಎಂದರು. ತೆರೆಯ ಮೇಲೆ ಮನೆಯೊಡತಿ ಸತ್ತವಳನ್ನು ಒಳಗೆ ಕರೆದು ಬಾಗಿಲು ಹಾಕಿಕೊಂಡಳು.

"ಅಕ್ಕನ ಹತ್ತಿರ ಮಾತಾಡೋಕೆ ಬಾಗಿಲು ಯಾಕೆ ಹಾಕ್ಕೋತಾಳೆ ಇವಳು?" ಎಂದಳು ಪುಟ್ಟಿ, ಟೀವಿಯ ಕಡೆಯೇ ನೋಡುತ್ತಾ. "ಟೀವಿಯವರಿಗೆ ಅಷ್ಟೂ ತಲೆ ಇಲ್ವಾ?"

ಬೈಗುಳ ಟೀವಿಯವರಿಗೆ ಬೀಳುತ್ತಿತ್ತು, ಬೀಳಲಿ ಎಂದು ಸದ್ದಮ್ಮ ಕೂತಳು. ಆದರೆ ಗಂಡನ ಹೊಟ್ಟೆಯಲ್ಲಿ ಮಾತು ನಿಲ್ಲುವುದುಂಟೇ? ಟೀಚರಮ್ಮನ ಮುಂದೆ ಎದೆಯುಬ್ಬಿಸಿ ಹೇಳಿಯೇಬಿಟ್ಟ: "ಅವರಿಗೆಲ್ಲಿಂದ ಬರ್ಬೇಕು ತಲೆ? ಇವಳೇ ಹೇಳಿಕೊಟ್ಟಿದ್ದು. ಅಕ್ಕ ತಂಗಿ ಮಾಡಿ ಅಂತ. ಡೈರೆಕ್ಟರು ಕಾಫಿ ತರಿಸಿದ್ನಂತೆ."

ಪುಟ್ಟಿ ತಿರುಗಿ ಅತ್ತಿಗೆಯ ಮುಖ ನೋಡಿದಳು. ಸದ್ದಮ್ಮ ಎದ್ದು ಅಡುಗೆಮನೆಗೆ ಹೋದಳು. ಅಲ್ಲಿ ಮಾಡಲು ಏನೂ ಇರಲಿಲ್ಲ. ತೊಳೆದಿಟ್ಟ ಲೋಟಗಳನ್ನೇ ಮತ್ತೆ ತೊಳೆಯತೊಡಗಿದಳು. ಹಿಂದೆಯೇ ಬಂದ ಪುಟ್ಟಿ ಕಟ್ಟೆ ಹತ್ತಿ ಕೂರಲಿಲ್ಲ, ಬಾಗಿಲಲ್ಲೇ ನಿಂತಳು.

"ಮನೇಲಿ ನೀವು ಅಕ್ಕ ಅಂದ್ರಿ, ನಾವೂ ಹೂಂ ಅಂದ್ವಿ," ಎಂದಳು. ದನಿ ಏರಿಸಲಿಲ್ಲ. "ಹದಿನೈದು ವರ್ಷ ಅಂದ್ವಿ. ಕತೇಲಾದ್ರೂ ನಮ್ಮನ್ನ ಬಿಡಬಾರದಿತ್ತಾ ಅತ್ತಿಗೆ?"

ನಲ್ಲಿ ಸುರಿಯುತ್ತಲೇ ಇತ್ತು. ಸದ್ದಮ್ಮನಿಗೆ ಅದನ್ನು ನಿಲ್ಲಿಸುವಷ್ಟೂ ಧೈರ್ಯ ಬರಲಿಲ್ಲ. ನಿಲ್ಲಿಸಿದರೆ ಉತ್ತರ ಕೊಡಬೇಕಾಗುತ್ತಿತ್ತು.

ಆ ವಾರ ಕಳೆಯುವುದರೊಳಗೆ ಪುಟ್ಟಿ ಮನೆ ಬಿಟ್ಟು ಹಲ್ಲಕ್ಕನ ಜೊತೆ ಬೇರೆ ಬಾಡಿಗೆಮನೆಗೆ ಹೋದಳು. ಜಗಳವಿಲ್ಲ, ಅಳುವಿಲ್ಲ. ಅಣ್ಣನಿಗೆ ಅಂಗಡಿ ಹತ್ತಿರವಾಗುತ್ತದೆ ಎಂದು ಹೇಳಿದಳು. ಅವನು ಅದನ್ನೇ ನಂಬಿದ, ಅಥವಾ ನಂಬಿದಂತೆ ಟ್ರಂಕನ್ನು ಕೆಳಗಿಳಿಸಿಕೊಟ್ಟ.

ಸದ್ದಮ್ಮ ನಿರ್ದೇಶಕನ ಬಳಿಗೆ ಹೋಗಿ, ಕತೆಯನ್ನು ಮೊದಲಿದ್ದಂತೆ ಮಾಡಲಾಗುತ್ತದೆಯೇ ಎಂದು ಕೇಳಿದಳು. ಅವನು ತಮಾಷೆಯೆಂದುಕೊಂಡ. ಜನ ಮೆಚ್ಚಿದ್ದೇ ಆ ಅಕ್ಕ ತಂಗಿಯನ್ನು, ಚಿತ್ರೀಕರಣ ಅರ್ಧಕ್ಕೆ ಬಂದಿದೆ, ಅಲ್ಲದೆ ಐಡಿಯಾ ನಿಮ್ಮದೇ ಅಲ್ಲವೇ ಅಮ್ಮ ಎಂದ. ಜೊತೆಗೆ, ಇನ್ನು ಮೇಲೆ ಸತ್ತವಳ ಹೆಜ್ಜೆಗೆ ಚಪ್ಪಲಿಯ ಸದ್ದು ಕೊಡಿ, ಮರ್ಯಾದಸ್ಥರ ಮನೆಯ ಹುಡುಗಿ, ಬರಿಗಾಲು ಚೆನ್ನಾಗಿರುವುದಿಲ್ಲ ಎಂದೂ ಹೇಳಿದ. ಅವಳು ಕೊಟ್ಟಳು. ಧಾರಾವಾಹಿ ಮುಗಿಯುವವರೆಗೂ ಚಪ್ಪಲಿ ಹಾಕಿಕೊಂಡು ಆ ಹಲಗೆಯ ಮೇಲೆ ನಡೆದಳು. ಬೇರೆಯವರಾಗಿದ್ದರೆ ಕೆಲಸ ಬಿಸಾಡಿ ಬರುತ್ತಿದ್ದರೇನೋ. ಅವಳು ಬಿಸಾಡಲಿಲ್ಲ, ಅದಕ್ಕೂ ನಾಚಿಕೆಪಟ್ಟಳು.

ಸ್ಟುಡಿಯೋದ ಕೋಣೆಗೆ ಹೋಗುವ ಮುಂಚೆ ದೇವರಿಗೆ ಕೈಮುಗಿದು, ತಪ್ಪಿದ್ದರೆ ಹೊಟ್ಟೆಗೆ ಹಾಕಿಕೊ ಎಂದು ಬೇಡುವುದು ಅವಳ ರೂಢಿ. ಈಗ ಕೈ ಜೋಡಿಸಿದರೆ ಆ ಮಾತು ಮುಂದೆ ಹೋಗದು. ತಪ್ಪು ಮಾಡಿದ್ದು ದೇವರಿಗಲ್ಲ. ಯಾರಿಗೋ ಕೊಟ್ಟ ನೋವನ್ನು ಅವನು ಯಾಕೆ ಹೊಟ್ಟೆಗೆ ಹಾಕಿಕೊಳ್ಳಬೇಕು?

ಕೊನೆಗೊಂದು ಭಾನುವಾರ ಗಂಡನಿಗೂ ಹೇಳದೆ ಅವರ ಮನೆ ಹುಡುಕಿಕೊಂಡು ಹೋದಳು. ಸೈಕಲ್ ಅಂಗಡಿಯ ಮೇಲಿನ ಎರಡು ಕೋಣೆ. ಪುಟ್ಟಿ ಬನ್ನಿ ಎನ್ನುತ್ತಾಳೋ, ಬಾಗಿಲಲ್ಲೇ ಮಾತು ಮುಗಿಸುತ್ತಾಳೋ ತಿಳಿಯದೆ ಅರ್ಧ ಮೆಟ್ಟಿಲಲ್ಲಿ ನಿಂತು ಎರಡು ಸಲ ಹಿಂದೆ ತಿರುಗಿದಳು. ಬಾಗಿಲು ತೆರೆದವಳು ಹಲ್ಲಕ್ಕ. ಕೈಗೆಲ್ಲ ಬಿಳಿ ಪುಡಿ ಮೆತ್ತಿತ್ತು. ಬನ್ನಿ ಎಂದು ಕುರ್ಚಿ ಸರಿಸಿದಳು, ನೀರು ತಂದಿಟ್ಟಳು. ಪುಟ್ಟಿ ಕಿಟಕಿಯ ಬಳಿ ಯಾವುದೋ ಫ್ರೇಮಿಗೆ ಸಣ್ಣ ಸ್ಕ್ರೂ ಕೂರಿಸುತ್ತಿದ್ದವಳು ತಲೆಯೆತ್ತಿ ನೋಡಿ, ಮತ್ತೆ ಬಗ್ಗಿದಳು.

ದಾರಿಯುದ್ದಕ್ಕೂ ಜೋಡಿಸಿಕೊಂಡು ಬಂದ ಮಾತನ್ನು ಬಿಟ್ಟು ಸದ್ದಮ್ಮ ನೀರಿನ ಲೋಟ ಎತ್ತಿಕೊಂಡಳು. ಅಷ್ಟರಲ್ಲಿ ಮನೆಯ ಮಾಲಕಿ ನೀರಿನ ಮೋಟಾರು ಕೆಟ್ಟಿದೆ ಎಂದು ಹೇಳಲು ಬಂದು, ಹೊಸ ಮುಖ ಕಂಡು ಬಾಗಿಲಲ್ಲೇ ನಿಂತು, ಯಾರಿವರು ಎಂದಳು.

ಪುಟ್ಟಿಯ ಕೈ ನಿಂತಿತು. ಇವಳು ಏನು ಹೇಳಿದರೂ ನನಗೆ ತಕ್ಕದ್ದೇ ಎಂದುಕೊಂಡಳು ಸದ್ದಮ್ಮ. ಹಳೆಯ ಮನೆಯ ಹತ್ತಿರದವರು ಎನ್ನಲಿ, ಸ್ಟುಡಿಯೋದವರು ಎನ್ನಲಿ.

"ನಮ್ಮ ಅತ್ತಿಗೆ," ಅಂದಳು ಹಲ್ಲಕ್ಕ, ಕೈ ಒರೆಸಿಕೊಳ್ಳುತ್ತಾ.

"ನಿಮಗೋ, ಇವರಿಗೋ?"

"ಇಬ್ಬರಿಗೂ."

ಮಾಲಕಿ ಲೆಕ್ಕ ಹಾಕುವಂತೆ ಇಬ್ಬರನ್ನೂ ನೋಡಿ, ಹೌದೇ ಎಂಬಂತೆ ಸದ್ದಮ್ಮನ ಕಡೆ ತಿರುಗಿದಳು. ಇಷ್ಟು ವರ್ಷ ಪಳಗಿದ ನಾಲಿಗೆಯ ತುದಿಗೆ, ದೂರದ ಸಂಬಂಧ, ತಾಯಿ ಕಡೆಯಿಂದ ಎಂಬ ಮಾತು ಬಂದೇ ಬಂತು. ಅದು ಬಂದದ್ದು ತನಗೇ ತಿಳಿದು ಸದ್ದಮ್ಮನ ಕಿವಿ ಬಿಸಿಯಾಯಿತು.

"ಹೌದು," ಎಂದಳು. "ಇಬ್ಬರಿಗೂ."

ಮಾಲಕಿ ಮೋಟಾರಿನ ಮಾತಾಡಿ ಇಳಿದುಹೋದಳು. ಸದ್ದಮ್ಮ ನೀರು ಕುಡಿದಳು. ಹಲ್ಲಕ್ಕನ ಮುಖ ನೋಡಲಾಗಲಿಲ್ಲ. ತಾನು ಹದಿನೈದು ವರ್ಷ ಕೊಡದೆ ಉಳಿಸಿಕೊಂಡದ್ದನ್ನು ಆಕೆ ಕೈ ಒರೆಸಿಕೊಳ್ಳುತ್ತಾ ಅಷ್ಟು ಸಲೀಸಾಗಿ ಕೊಟ್ಟಿದ್ದಳು. ಬೈದಿದ್ದರೆ ತಲೆಯೆತ್ತಬಹುದಿತ್ತು.

ಎದ್ದು ಹೊರಟಾಗ ಕೇಳಲು ಸಾಧ್ಯವಾದದ್ದು ಇಷ್ಟೇ. "ಮುಂದಿನ ಭಾನುವಾರ ಬರ್ಲಾ ಪುಟ್ಟಿ?"

ಪುಟ್ಟಿ ಕನ್ನಡಕವನ್ನು ಬೆಳಕಿಗೆ ಹಿಡಿದು ನೋಡುತ್ತಿದ್ದಳು.

"ಫೋನ್ ಮಾಡಿ ಬನ್ನಿ," ಅಂದಳು, ಹೊರಗಿನವರಿಗೆ ಹೇಳುವ ಹಾಗೆ.

ಸದ್ದಮ್ಮ ಆಗಲಿ ಎಂದು ತಲೆಯಾಡಿಸಿ, ಚಪ್ಪಲಿ ಮೆಟ್ಟಿ, ಕಂಬಿ ಹಿಡಿದುಕೊಂಡು ಮೆಟ್ಟಿಲಿಳಿದಳು.