ಹುಣ್ಣಿಮೆಗೆ ಇನ್ನೂ ದಿನವಿತ್ತು

ದಿನ ನೋಡದೆ ಕರಿಯಮ್ಮ ತಲೆಗೆ ಎಣ್ಣೆ ಸಹ ಹಚ್ಚಿಕೊಂಡವಳಲ್ಲ. ಮಂಗಳವಾರ ಹೊಸ ಬಟ್ಟೆ ಉಡಬಾರದು, ಶುಕ್ರವಾರ ಮನೆಯ ಉಪ್ಪು ಹೊರಗೆ ಕೊಡಬಾರದು, ಅಮಾವಾಸ್ಯೆಗೆ ಊರು ಬಿಡಬಾರದು. ಇವೆಲ್ಲ ಅವಳಿಗೆ ಅ ಆ ಇ ಈ ಬರುವ ಮೊದಲೇ ಬಂದಿದ್ದವು. ಅ ಆ ಇ ಈ ಕೊನೆಗೂ ಬರಲಿಲ್ಲ, ಆ ಮಾತು ಬೇರೆ. ಮಲವಗೊಪ್ಪದ ಒಕ್ಕಲು ಮನೆಯಲ್ಲಿ ಅಜ್ಜಿಯ ಸೆರಗು ಹಿಡಿದು ಬೆಳೆದ ಹುಡುಗಿ. ಅಜ್ಜಿ ತೀರಿಕೊಂಡ ಮೇಲೆ ಆಕೆಯ ನಾಲಗೆ ಮೊಮ್ಮಗಳಿಗೆ ಬಂತು ಎಂದು ಊರವರು ಹೇಳುತ್ತಿದ್ದರು. ಕರಿಯಮ್ಮ ಅದನ್ನು ಹೊಗಳಿಕೆ ಎಂದೇ ತೆಗೆದುಕೊಂಡಳು.

ಅವಳನ್ನು ಕೊಟ್ಟಿದ್ದು ಭದ್ರಾವತಿಯ ಹೊನ್ನಯ್ಯನಿಗೆ. ಕಬ್ಬಿಣದ ಕಾರ್ಖಾನೆ ಶುರುವಾದ ಹೊಸದರಲ್ಲೇ ನೇಗಿಲು ಬಿಟ್ಟು ಕುಲುಮೆಯ ಮುಂದೆ ನಿಂತ ಆಸಾಮಿ. ನ್ಯೂ ಟೌನಿನ ಸಾಲುಮನೆಯಲ್ಲಿ ಸಂಸಾರ. ಎಡಗಡೆ ತಮಿಳರು, ಬಲಗಡೆ ತೆಲುಗರು. ಕರಿಯಮ್ಮನಿಗೆ ಅವರ ಮಾತು ಬಾರದು, ಅವರಿಗೆ ಇವಳದ್ದು ಬಾರದು. ಆದರೂ ವರ್ಷ ತಿರುಗುವುದರೊಳಗೆ ಯಾವ ದಿನ ಏನು ಮಾಡಬಾರದೆಂದು ಇಡೀ ಸಾಲಿಗೆ ಗೊತ್ತಾಗಿಬಿಟ್ಟಿತ್ತು. ಹೊನ್ನಯ್ಯ ಮಾತ್ರ ಯಾವುದಕ್ಕೂ ಸೊಪ್ಪು ಹಾಕಿದವನಲ್ಲ. ಪಾಳಿ ಮುಗಿಸಿ ಬರುವಾಗ ದಾರಿಯಲ್ಲೇ ಭದ್ರಾ ಹೊಳೆಗೆ ಬಿದ್ದು, ಅಷ್ಟಮಿಯಿರಲಿ ನವಮಿಯಿರಲಿ, ಕೋಣನ ಹಾಗೆ ಮಲಗಿರುತ್ತಿದ್ದ.

"ಇವತ್ತು ಯಾವ ದಿನ ಗೊತ್ತಾ ನಿಮಗೆ?" ಎಂದು ಅವಳು ಬಾಗಿಲಲ್ಲೇ ಹಿಡಿಯುತ್ತಿದ್ದಳು.

"ಸೆಕೆ ದಿನ ಕಣೇ. ಆ ಬೆಂಕಿ ಮುಂದೆ ಒಂದು ಗಳಿಗೆ ನಿಂತ್ಕೊಂಡು ನೋಡು, ನಿನ್ನ ಪಂಚಾಂಗ ಎಲ್ಲಾ ಬೆಂದು ಹೋಗುತ್ತೆ" ಎಂದು ಅವನು ಒದ್ದೆ ತಲೆಯಲ್ಲೇ ಊಟಕ್ಕೆ ಕೂರುತ್ತಿದ್ದ.

ಮಕ್ಕಳು ಎರಡಾದವು, ಎರಡೂ ನಿಲ್ಲಲಿಲ್ಲ. ಜ್ವರ ಎಂದರು, ಬಾಲಗ್ರಹ ಎಂದರು. ಕರಿಯಮ್ಮನ ಲೆಕ್ಕವೇ ಬೇರೆ. ಎಲ್ಲೋ ಒಂದು ದಿನ ತಪ್ಪಿ ನಡೆದಿದೆ, ಯಾವುದೋ ಮುಟ್ಟಬಾರದ್ದನ್ನು ಮುಟ್ಟಿದ್ದಾಗಿದೆ ಎಂದು ಅವಳ ಮನಸ್ಸು ಹುಡುಕಿಕೊಂಡೇ ಇತ್ತು. ಅದು ಅವಳ ಮೂರ್ಖತನ ಎಂದು ನಗುವವರು ನಗಲಿ. ಕೈಯಲ್ಲಿದ್ದ ಮಗುವನ್ನು ಕಳೆದುಕೊಂಡವಳಿಗೆ ಒಂದು ಕಾರಣ ಬೇಕು, ಇಲ್ಲದಿದ್ದರೆ ಬೆಳಗಾಗೆದ್ದು ಒಲೆ ಹಚ್ಚುವುದಾದರೂ ಹೇಗೆ? ಆಮೇಲೆ ಅವಳಿಗೆ ಉಳಿದದ್ದು ಹೊನ್ನಯ್ಯ ಒಬ್ಬನೇ. ಅವನನ್ನು ಹೇಗಾದರೂ ಉಳಿಸಿಕೊಳ್ಳಬೇಕು ಎನ್ನುವುದೊಂದೇ ಅವಳ ವ್ರತವಾಯಿತು.

ಅವನಿಗೆ ಕೆಮ್ಮು ಹತ್ತಿತು. ಅವರಪ್ಪನೂ ಕೆಮ್ಮಿಯೇ ಹೋದವನು, ಮನೆತನಕ್ಕೆ ಬಂದ ಕಾಯಿಲೆ. ಮೊದಮೊದಲು ಬೀಡಿಯನ್ನು ಬೈದರು, ಆಮೇಲೆ ಕಫದಲ್ಲಿ ಕೆಂಪು ಕಂಡ ಮೇಲೆ ಬೈಯುವುದನ್ನು ಬಿಟ್ಟರು. ಶಿವಮೊಗ್ಗದಲ್ಲಿ ಶ್ರೀನಿವಾಸಮೂರ್ತಿ ಎಂಬ ಡಾಕ್ಟರು ಎದೆಗೆ ಕೊಳವೆ ಇಟ್ಟು ಬಹಳ ಹೊತ್ತು ಕೇಳಿದರು. ಹೊನ್ನಯ್ಯನನ್ನು ಜಗಲಿಗೆ ಕಳಿಸಿ ಕರಿಯಮ್ಮನಿಗೆ ಹೇಳಿದರು.

"ಗುಣ ಆಗುತ್ತೆ ಅಂತ ನಾನು ಹೇಳೋದಿಲ್ಲಮ್ಮ. ಸ್ವಲ್ಪ ದಿನ ಸಮುದ್ರದ ದಂಡೆ ಮೇಲೆ ಇಟ್ಕೊಳ್ಳಿ. ಗಾಳಿಗೆ ಉಸಿರು ಹಗುರ ಆಗಬಹುದು."

ಕರಿಯಮ್ಮನ ಕಿವಿಗೆ ಬಿದ್ದದ್ದು ಕೊನೆಯ ಮಾತು ಮಾತ್ರ.

ಸಮುದ್ರ ಎಲ್ಲಿದೆಯೋ ಯಾರಿಗೆ ಗೊತ್ತು? ದಾರಿ ತೋರಿಸಿದವನು ಕುಲುಮೆಯಲ್ಲಿ ಹೊನ್ನಯ್ಯನ ಜೊತೆ ಕೆಲಸ ಮಾಡುತ್ತಿದ್ದ ಮಂಜ ಮರಕಾಲ. ಕುಂದಾಪುರದಿಂದ ಆಚೆ, ಹೊಳೆ ದಾಟಿದ ಮೇಲೆ ಅವನ ಕೇರಿ, ಮೀನು ಹಿಡಿಯುವವರದ್ದು. ಅಲ್ಲಿ ಅವನ ಅಕ್ಕ ಸೀತು ಇದ್ದಾಳೆ, ಒಂದು ಚಪ್ಪರ ಬಿಟ್ಟುಕೊಡುತ್ತಾಳೆ, ನಾಳೆಯೇ ಹೊರಡಿ, ತಡ ಮಾಡಬೇಡಿ ಎಂದ. ಆದರೆ ಅಮಾವಾಸ್ಯೆ ಹತ್ತಿರವಿತ್ತು. ಕರಿಯಮ್ಮ ಬಿಲ್‌ಕುಲ್ ಒಪ್ಪಲಿಲ್ಲ. ಅಮಾವಾಸ್ಯೆ ಕಳೆಯಿತು, ಪಾಡ್ಯ ಕಳೆಯಿತು, ಆಮೇಲೆ ಹೊರಟರು. ಬಸ್ಸು ತೀರ್ಥಹಳ್ಳಿ ದಾಟಿ ಆಗುಂಬೆಯ ಘಾಟಿ ಇಳಿಯುವಾಗ ಹೊನ್ನಯ್ಯ ಅವಳ ತೊಡೆಯ ಮೇಲೆ ತಲೆಯಿಟ್ಟು ಮಲಗಿದ್ದ. ಅಷ್ಟು ದೊಡ್ಡ ಆಳು ಇಷ್ಟು ಹಗುರ ಯಾವಾಗ ಆದ ಎಂದುಕೊಂಡು ಅವಳು ತಿರುವು ತಿರುವಿಗೂ ಅವನನ್ನು ಒತ್ತಿ ಹಿಡಿದುಕೊಂಡಳು.

ಮರಳ ಮೇಲೆ ಹೆಣೆದ ಗರಿಯ ಮಡಲು ಹೊದಿಸಿದ ಹತ್ತಾರು ಗುಡಿಸಲು, ತೆಂಗಿನ ಮರ, ಒಣಗಲು ಹರವಿದ ಬಲೆ. ಇಷ್ಟೇ ಆ ಕೇರಿ. ಪುಷ್ಯ ಮಾಸದಲ್ಲೂ ಬೆವರಿಳಿಯುವ ಸೆಕೆ. ಒಣಮೀನಿನ ವಾಸನೆಗೆ ಕರಿಯಮ್ಮ ಸೆರಗನ್ನು ಮೂಗಿಗೆ ಒತ್ತಿ ಹಿಡಿದಳು. ಸೀತು ಮರಕಾಲ್ತಿ ಅದನ್ನು ಕಂಡೂ ಕಾಣದವಳಂತೆ ಎಳನೀರು ಕೆತ್ತಿ ಕೊಟ್ಟಳು. ದೋಣಿ ಇಡುವ ಚಪ್ಪರದ ಒಂದು ಮೂಲೆಗೆ ತಟ್ಟಿ ಕಟ್ಟಿಸಿ, ನೆಲಕ್ಕೆ ಸಗಣಿ ಸಾರಿಸಿ, ಮೂರು ಕಲ್ಲಿನ ಒಲೆಯನ್ನೂ ಹೂಡಿಟ್ಟಿದ್ದಳು. ಇವರು ತನ್ನ ಕೈಯಡುಗೆ ಉಣ್ಣುವವರಲ್ಲ ಎಂದು ಯಾರೂ ಹೇಳದೆಯೇ ತಿಳಿದುಕೊಂಡ ಹೆಂಗಸು.

ಹೊನ್ನಯ್ಯ ಇದ್ಯಾವುದನ್ನೂ ನೋಡುತ್ತಿರಲಿಲ್ಲ. ಅವನ ಕಣ್ಣು ಸಮುದ್ರದ ಮೇಲಿತ್ತು. ನೋಡಿ ನೋಡಿ ನಕ್ಕ, ನಗು ಕೆಮ್ಮಾಯಿತು, ಕೆಮ್ಮು ನಿಂತ ಮೇಲೆ ಮತ್ತೆ ನಕ್ಕ.

"ಇಷ್ಟೊಂದು ನೀರು ಇಲ್ಲಿರುವಾಗ ನಾನು ಇಷ್ಟು ವರ್ಷ ಅಲ್ಲಿ ಬೆಂಕಿ ಮುಂದೆ ನಿಂತಿದ್ದೆನಲ್ಲೇ. ಕೈ ಹಿಡ್ಕೋ, ಇಳೀತೀನಿ."

"ಇವತ್ತು ತದಿಗೆ" ಎಂದಳು ಕರಿಯಮ್ಮ. "ಅಮಾಸೆ, ಹುಣ್ಣಿಮೆ ಬಿಟ್ಟು ಸಮುದ್ರ ಮುಟ್ಟಬಾರದು. ಹುಣ್ಣಿಮೆ ದಿನ ನಾನೇ ಇಳಿಸ್ತೀನಿ."

ಇದು ಅವಳು ಕಟ್ಟಿ ಹೇಳಿದ್ದಲ್ಲ. ಹಿರಿಯರೆಲ್ಲ ಹೇಳಿಕೊಂಡು ಬಂದ ಕಟ್ಟಳೆ. ಹೊಳೆಯಲ್ಲಿ ಎಂದು ಬೇಕಾದರೂ ಮೀಯಬಹುದು; ಸಮುದ್ರಕ್ಕೆ ಮಾತ್ರ ಪರ್ವದ ದಿನವೇ ಆಗಬೇಕು, ಬೇರೆ ದಿನ ಮುಟ್ಟಿದರೆ ಮುಟ್ಟಿದವನಿಗೆ ಕೇಡು. ಭದ್ರೆಯಲ್ಲಿ ಅಷ್ಟಮಿ ನವಮಿ ನೋಡದೆ ಮಲಗಿದ್ದವನನ್ನು ಅವಳು ಬೈದು ಸುಮ್ಮನಾಗಿದ್ದಳು. ಈ ಸಲ ಸುಮ್ಮನಾಗುವ ಧೈರ್ಯ ಅವಳಿಗಿರಲಿಲ್ಲ. ಉಳಿದಿದ್ದೇ ಒಂದು ಜೀವ.

ಗಾಳಿಗೆ ಉಸಿರು ನಿಜವಾಗಿಯೂ ಹಗುರಾಯಿತು. ನಾಲ್ಕೈದು ದಿನ ಅವನು ಎದ್ದು ಕೂತು ಗಂಜಿ ಕುಡಿದ, ಬಲೆ ಹೆಣೆಯುವವರ ಜೊತೆ ಹರಟೆ ಹೊಡೆದ. ಕರಿಯಮ್ಮನಿಗೆ ಹೋದ ಜೀವ ಬಂದಂತಾಯಿತು. ಎಲ್ಲ ನೇಮದ ಫಲ ಎಂದುಕೊಂಡಳು. ಆದರೆ ಅವನ ಬಾಯಲ್ಲಿ ಒಂದೇ ಮಾತು. ಮೈಯೊಳಗೆ ಕೆಂಡ ತುಂಬಿದಂತಾಗುತ್ತದೆ, ಒಂದು ಸಲ ನೀರಿಗೆ ಬಿಡು. ಅವಳದ್ದೂ ಒಂದೇ ಉತ್ತರ. ಕೊನೆಗೆ ಸೀತುವೇ ನಡುವೆ ಬಂದಳು.

"ಎಂತ ಮಾರಾಯ್ತಿ, ಕಡ್ಲ್ ಮುಟ್ಟುಕೆ ದಿನ ಕಾಂಬುದಾ? ನಾವ್ ದಿನಾ ಅದ್ರಲ್ಲೇ ಇಪ್ಪುದಲ್ದಾ?"

"ನಿಮಗೆ ಅದು ಹೊಲ ಇದ್ದಂಗೆ ಕಣಕ್ಕ. ನಮಗೆ ಅದು ದೇವರು. ಬಾಗಿಲು ತೆಗೆದ ಹೊತ್ತಿಗೇ ಹೋಗಬೇಕು."

"ಹಂಗಾರೆ ಒಂದ್ ಕೊಡ ನೀರ್ ಇಲ್ಲಿಗೇ ತತ್ತೆ. ಮೈಗ್ ಹೊಯ್ಕಣ್ಲಿ."

ಕರಿಯಮ್ಮ ಯೋಚಿಸಿದಳು. ನಿಜವಾಗಿಯೂ ಯೋಚಿಸಿದಳು, ಆ ಮಧ್ಯಾಹ್ನ ಪೂರ್ತಿ. ಕೊಡದೊಳಗೆ ಬಂದ ಮಾತ್ರಕ್ಕೆ ಸಮುದ್ರ ಸಮುದ್ರವಲ್ಲ ಎಂದಾಗುತ್ತದೆಯೇ? ಅಜ್ಜಿ ಇದ್ದಿದ್ದರೆ ಕೇಳಬಹುದಿತ್ತು. ಗೊತ್ತಿಲ್ಲದ್ದನ್ನು ಮಾಡಿ ಕೈ ಸುಟ್ಟುಕೊಳ್ಳುವುದು ಬೇಡ, ಹುಣ್ಣಿಮೆ ಎಷ್ಟರದ್ದು, ಕಣ್ಣು ಮುಚ್ಚಿ ತೆಗೆಯುವುದರೊಳಗೆ ಬರುತ್ತದೆ ಎಂದು ಬೇಡವೆಂದಳು. ಬಾವಿಯ ಸಪ್ಪೆ ನೀರನ್ನೇ ಕಾಯಿಸಿ ಅವನ ಮೈ ಒರೆಸಿದಳು. ಸೀತು ಮತ್ತೆ ಆ ಮಾತು ಎತ್ತಲಿಲ್ಲ.

ಒಂದು ದಿನ ಕರಿಯಮ್ಮ ಬಾವಿಯಿಂದ ಬರುವಷ್ಟರಲ್ಲಿ ಚಾಪೆ ಖಾಲಿ. ನೋಡಿದರೆ ಹೊನ್ನಯ್ಯ ದೋಣಿಗಳನ್ನು ದಾಟಿ, ಹುಟ್ಟೊಂದನ್ನು ಊರಿಕೊಂಡು, ನೀರಿನ ಕಡೆಗೆ ಹೋಗುತ್ತಿದ್ದಾನೆ. ಎರಡು ಹೆಜ್ಜೆಗೊಮ್ಮೆ ನಿಲ್ಲುತ್ತಾನೆ. ಅವಳು ಕೊಡ ಅಲ್ಲೇ ಬಿಟ್ಟು, ಬಿಸಿ ಮರಳಿನಲ್ಲಿ ಎದ್ದುಬಿದ್ದು ಓಡಿ, ಅವನ ಮುಂದೆ ಹೋಗಿ ನಿಂತಳು. ಅಲೆ ಅವಳ ಹಿಂದೆ ಒಂದು ಮಾರು ದೂರದವರೆಗೆ ಬಂದು ಹೋಗುತ್ತಿತ್ತು.

"ಬರೀ ಕಾಲು ಕಣೇ" ಎಂದ ಅವನು. "ಮೈ ಬೇಡ. ಕಾಲಷ್ಟೇ ಅದ್ದಿ ಬರ್ತೀನಿ."

"ಕಾಲಾದರೂ ಮುಟ್ಟಿದ್ದು ಮುಟ್ಟಿದ್ದೇ. ನಿಮ್ಮ ಕಾಲು ಹಿಡೀತೀನಿ, ಬೇಡ. ನಂಗೆ ಇನ್ಯಾರಿದ್ದಾರೆ?"

ಜೀವಮಾನದಲ್ಲಿ ಹೆಂಡತಿಯ ಒಂದು ಮಾತನ್ನೂ ಕೇಳದ ಗಂಡಸು ಆ ದಿನ ಕೇಳಿದ. ಅವಳ ಮುಖ ನೋಡಿದ, ಅವಳು ಅಳುತ್ತಿದ್ದಳು. ಅಲ್ಲಿಯೇ ಒಣ ಮರಳಿನ ಮೇಲೆ ಕುಸಿದು ಕೂತ. ಬಿಸಿಲು ಇಳಿಯುವವರೆಗೂ ಇಬ್ಬರೂ ಹಾಗೇ ಕೂತಿದ್ದರು. ಅವನು ಕಾಲು ನೀಡಿಕೊಂಡಿದ್ದ. ಇಳಿತದ ಹೊತ್ತು, ಅಲೆಗಳು ಹಿಂದೆ ಹಿಂದೆ ಸರಿದವು. ತಾನು ಗೆದ್ದೆ ಎಂದುಕೊಂಡಳು ಕರಿಯಮ್ಮ. ಆ ಗೆಲುವನ್ನು ಏನೆಂದು ಕರೆಯಬೇಕೋ ನನಗೆ ತಿಳಿಯದು.

ಏಕಾದಶಿಯ ಬೆಳಿಗ್ಗೆ ಗಂಜಿ ಬೇಡವೆಂದ. ಹೊತ್ತು ನೆತ್ತಿಗೇರುವಾಗ ಬಾಯಿಂದ ರಕ್ತ ಬಂತು, ನಿಲ್ಲಲಿಲ್ಲ. ಸೀತು ತಲೆ ಹಿಡಿದಿದ್ದಳು, ಕರಿಯಮ್ಮ ಬಾಯಿಗೆ ನೀರು ಬಿಡುತ್ತಿದ್ದಳು, ನೀರು ಹಾಗೇ ಹೊರಗೆ ಹರಿಯಿತು. ಏನೂ ಹೇಳದೆ ಹೋದ. ಹುಣ್ಣಿಮೆಗೆ ಇನ್ನೂ ದಿನವಿತ್ತು.

ಸುದ್ದಿ ಭದ್ರಾವತಿ ಮುಟ್ಟಿ ನೆಂಟರು ಘಾಟಿ ಇಳಿದು ಬರುವ ತನಕ ಆ ಸೆಕೆಯಲ್ಲಿ ಹೆಣ ಇಟ್ಟುಕೊಳ್ಳುವ ಹಾಗಿರಲಿಲ್ಲ. ಕೇರಿಯ ಗಂಡಸರು ಅಂದು ಮತ್ತೆ ಕಡಲಿಗೆ ಹೋಗಲಿಲ್ಲ. ತೆಂಗಿನ ತೋಪಿನಾಚೆ ಮರಳ ದಿಬ್ಬದ ಮೇಲೆ ಮಾವಿನ ಮರ ಕಡಿದು ಒಟ್ಟಿದರು. ಜಾತಿಯಲ್ಲ, ನೆಂಟರಲ್ಲ, ತಮ್ಮ ಮನೆಯವನನ್ನು ಹೊತ್ತ ಹಾಗೆಯೇ ಹೊತ್ತರು. ಬದುಕೆಲ್ಲ ಬೆಂಕಿಯ ಮುಂದೆ ನಿಂತಿದ್ದವನು ಕೊನೆಗೂ ಬೆಂಕಿಗೇ ಹೋದ. ಕರಿಯಮ್ಮ ದೂರದಲ್ಲಿ, ಹೆಂಗಸರ ನಡುವೆ ಕೂತು ಹೊಗೆ ನೋಡಿದಳು. ಅವಳ ಕಣ್ಣಲ್ಲಿ ನೀರಿರಲಿಲ್ಲ. ಇನ್ನು ಯಾವ ದಿನ ಏನಾದರೆ ತನಗೇನು ಎನ್ನಿಸಿತ್ತು.

ಹೊಗೆ ತೆಳುವಾದ ಮೇಲೆ ಸೀತು ಬಂದು ಅವಳ ರಟ್ಟೆ ಹಿಡಿದು ಎಬ್ಬಿಸಿದಳು. ಗಂಡಸರು ಆಗಲೇ ಸಮುದ್ರಕ್ಕೆ ಇಳಿದಿದ್ದರು.

"ಬನ್ನಿ, ಮಿಂದ್ಕಂಡ್ ಬಪ್ಪ."

ಕರಿಯಮ್ಮ ಬಾವಿಯ ಕಡೆಗೆ ತಿರುಗಿದಳು.

"ಬಾವಿ ಅಲ್ಲ. ಕಡ್ಲಲ್ಲೇ ಮೀವುದ್."

"ಇವತ್ತು ಏಕಾದಶಿ ಅಲ್ವಾ ಅಕ್ಕ. ಹುಣ್ಣಿಮೆ ಅಲ್ಲವಲ್ಲ."

ಸೀತು ಬಹಳ ಮೆಲ್ಲಗೆ ಹೇಳಿದಳು.

"ಸಾವಿನ ಮೀವುಕೆ ದಿನ ಕಾಂಬುಕಿಲ್ಲೆ ಮಾರಾಯ್ತಿ."

ಇದು ಕರಿಯಮ್ಮನಿಗೆ ಗೊತ್ತಿರಲಿಲ್ಲವೇ? ಗೊತ್ತಿತ್ತು. ಅಜ್ಜಿಯೂ ಅದನ್ನೇ ಹೇಳುತ್ತಿದ್ದಳು: ಸಾವಿನ ಸ್ನಾನಕ್ಕೆ ತಿಥಿ ಇಲ್ಲ, ವಾರ ಇಲ್ಲ, ಎಲ್ಲ ನೀರೂ ಆಗುತ್ತದೆ. ಬದುಕಿದ್ದವನಿಗೆ ಮುಚ್ಚಿದ್ದ ಬಾಗಿಲು ಅವನು ಸತ್ತ ದಿನವೇ ತೆರೆದುಕೊಂಡಿತ್ತು, ಅದೂ ಅವಳಿಗಾಗಿ. ಸೀತು ಕೈ ಹಿಡಿದು ಕರೆದುಕೊಂಡು ಹೋದಳು. ಅಲೆ ಬಂದು ಪಾದ ಮುಚ್ಚಿತು, ಮೊಣಕಾಲಿಗೆ ಬಂತು. ಭದ್ರೆಯ ಹಾಗೆ ತಣ್ಣಗೆ ಕೊರೆಯುತ್ತದೆ ಎಂದು ಅವಳು ಅಂದುಕೊಂಡಿದ್ದಳು. ಹಾಗಿರಲಿಲ್ಲ, ಕೂಸಿಗೆ ಹದ ಮಾಡಿ ಇಟ್ಟ ನೀರಿನ ಹಾಗೆ ಬೆಚ್ಚಗಿತ್ತು. ಇದರಲ್ಲಿ ಅವನ ಎದೆಗೆ ಏನೂ ಆಗುತ್ತಿರಲಿಲ್ಲ.

ಹೆಂಗಸರು ಮೂರು ಮುಳುಗು ಹಾಕಿಸಿದರು. ಆಯಿತು, ಏಳಿ, ಒದ್ದೆಯಲ್ಲಿ ಇರಬಾರದು ಎಂದರು. ಒಬ್ಬೊಬ್ಬರಾಗಿ ದಂಡೆಗೆ ಹತ್ತಿದರು. ಕರಿಯಮ್ಮ ಮಾತ್ರ ಮರಳಿನಲ್ಲಿ ಹೂತುಹೋಗುತ್ತಿದ್ದ ತನ್ನ ಕಾಲುಗಳನ್ನೇ ನೋಡುತ್ತ ನೀರಿನಲ್ಲಿ ನಿಂತುಬಿಟ್ಟಳು. ಸೀತು ಮತ್ತೆ ಇಳಿದು ಬಂದು ಕೈ ಎಳೆದರೂ ಕದಲಲಿಲ್ಲ.

"ಬರೀ ಕಾಲು ಕೇಳಿದ್ರು ಅಕ್ಕ" ಎಂದಳು.