ಅವ್ವ ಸಾಕ್ಷಿ ಹೇಳಿದ ಗರಿಗಳ ಭಾನುವಾರ

ಆಗ ಮಸ್ಕಿ ಇನ್ನೂ ತಾಲ್ಲೂಕಾಗಿರಲಿಲ್ಲ. ಸರಕಾರದ ಯಾವ ಕಾಗದ ಬೇಕೆಂದರೂ ಲಿಂಗಸುಗೂರಿನ ಬಸ್ಸು ಹತ್ತಬೇಕು, ಮದುವೆಗೆ ಒಳ್ಳೆಯ ಸೀರೆ ಬೇಕೆಂದರೆ ಸಿಂಧನೂರಿನ ಬಸ್ಸು. ದೇವರಿಗಾಗಿ ಮಾತ್ರ ಯಾವ ಬಸ್ಸೂ ಬೇಕಿರಲಿಲ್ಲ. ಎರಡು ಓಣಿ ದಾಟಿದರೆ ನಮ್ಮ ಚರ್ಚು. ತಗಡಿನ ಮಾಡು, ಸುಣ್ಣದ ಗೋಡೆ, ನೆಲಕ್ಕೆ ಜಮಖಾನೆ. ಒಂದು ಕಡೆ ಹೆಂಗಸರು, ಒಂದು ಕಡೆ ಗಂಡಸರು, ನಡುವೆ ಎಲ್ಲೆಂದರಲ್ಲಿ ಮಲಗಿದ ಕೂಸುಗಳು. ಬೇಸಿಗೆಯಲ್ಲಿ ತಗಡು ಕಾದು ಒಳಗೆಲ್ಲ ಬೆವರು, ಮಲ್ಲಿಗೆ, ಕೊಬ್ಬರಿ ಎಣ್ಣೆಯ ವಾಸನೆ. ಅದನ್ನು ನೆನೆದರೆ ನನ್ನ ಕಣ್ಣು ತೇವವಾಗುತ್ತದೆ ಎಂದು ನೀವು ತಿಳಿದಿದ್ದರೆ ತಪ್ಪು. ನನಗೆ ಮೊದಲು ಬರುವುದು ಸಿಟ್ಟು.

ಅಪ್ಪ ಗೌಂಡಿ ಕೆಲಸದವನು. ವರ್ಷವೆಲ್ಲ ಗೋಡೆ ಕಟ್ಟುತ್ತಿದ್ದವನು ಕ್ರಿಸ್‌ಮಸ್ ದಿನ ಮಾತ್ರ ಅಡುಗೆಯವನಾಗುತ್ತಿದ್ದ. ಆರಾಧನೆ ಮುಗಿದ ಮೇಲೆ ಇಡೀ ಸಭೆ ಸಾಲಾಗಿ ಕುಳಿತು ಉಣ್ಣುವುದಕ್ಕೆ ನಮ್ಮಲ್ಲಿ ಪ್ರೀತಿ ಭೋಜನ ಎನ್ನುತ್ತಾರೆ. ಅದರ ಮಟನ್ ಸಾರು ಅಪ್ಪನದೇ. ನಸುಕಿನ ಚಳಿಯಲ್ಲಿ ಚರ್ಚಿನ ಹಿಂದೆ ಮೂರು ಕಲ್ಲು ಹೂಡಿ, ಮೇಲೆ ದೊಡ್ಡ ಡೇಗು ಇಟ್ಟು, ಜಾಲಿ ಕಟ್ಟಿಗೆಯ ಹೊಗೆಗೆ ಕಣ್ಣು ಕೆಂಪು ಮಾಡಿಕೊಂಡು ನಿಲ್ಲುತ್ತಿದ್ದ. ನಾವು ಮಕ್ಕಳು ಅಲ್ಲೇ ಕುಂಟಬಿಲ್ಲೆ ಆಡುತ್ತಿದ್ದೆವು. "ಬರ್ರಿಲೇ, ಉಪ್ಪು ನೋಡ್ರಿ" ಎಂದು ಕರೆದು ನಮ್ಮ ಅಂಗೈ ಮೇಲೆ ಬಿಸಿ ಸಾರು ಹನಿಸುತ್ತಿದ್ದ. ಅಂಗೈ ಸುಡುತ್ತಿತ್ತು, ನೆಕ್ಕುತ್ತಿದ್ದೆವು, ಮತ್ತೆ ಕೈ ಒಡ್ಡುತ್ತಿದ್ದೆವು.

ನಾನು ಐದನೇ ತರಗತಿಯಲ್ಲಿದ್ದ ವರ್ಷ ಹೊಸ ಪಾಸ್ಟರ್ ಬಂದರು. ನಾವೆಲ್ಲ ಅವರನ್ನು ಅಯ್ಯನೋರು ಎನ್ನುತ್ತಿದ್ದೆವು. ಒಳ್ಳೆಯವರು, ಆದರೆ ಊರು ಹೊಸದು. ಹಬ್ಬಕ್ಕೆ ಇನ್ನೇನು ಒಂದೆರಡು ದಿನ ಇರುವಾಗ ಅಪ್ಪನನ್ನು ಕರೆದು ಹೇಳಿದರು: "ಪ್ರತಿ ವರ್ಷ ನೀವಽ ಹೊಗಿ ಕುಡೀತೀರಂತ. ಈ ಸಲ ಸಿಂಧನೂರಿನ ಬಾಬರ್ಚಿಗೆ ಬಿರಿಯಾನಿ ಹೇಳೀನಿ. ನೀವು ಆರಾಮ ಕುಂತು ಉಣ್ರಿ."

"ಕುಂತು ಉಣ್ಣಾಕ ನಾ ಏನು ಬೀಗನೇನ್ರಿ?" ಅಂದ ಅಪ್ಪ.

ಅಷ್ಟೇ. ತನ್ನ ಉದ್ದ ಸೌಟನ್ನು ಚರ್ಚಿನ ಕೋಣೆಯಿಂದ ತಂದು ಮನೆಯ ಮೂಲೆಗೆ ನಿಲ್ಲಿಸಿದ. ಹಬ್ಬದ ದಿನ ಎರಡು ಓಣಿ ದಾಟಿ ಬಿರಿಯಾನಿಯ ವಾಸನೆ ನಮ್ಮ ಮನೆಗೇ ಬಂತು. ಹೊಸ ಅಂಗಿ ತೊಟ್ಟುಕೊಂಡು ನಾವು ಜೋಳದ ರೊಟ್ಟಿ, ಪುಂಡಿಪಲ್ಯ ತಿಂದೆವು. ಪ್ರೀತಿ ಭೋಜನದ ದಿನ!

"ದೇವರೇನು ಆ ತಗಡಿನ ಕೆಳಗಽ ಕುಂತಾನೇನು?" ಎಂದು ಅಪ್ಪ ಘೋಷಿಸಿದ. "ಇನ್ನ ಮ್ಯಾಲೆ ಆರಾಧನಿ ಮನ್ಯಾಗ."

ಹಾಗೆ ನಮ್ಮ ಮನೆಯಲ್ಲಿ ಒಂದು ಚರ್ಚು ಹುಟ್ಟಿತು. ಸಭಿಕರು ಅವ್ವ, ನಾನು, ತಮ್ಮ. ಪಾಸ್ಟರು, ಹಿರಿಯರು, ಹಾಡುಗಾರರು, ತಾಳದವರು ಎಲ್ಲರೂ ಅಪ್ಪನೇ. ಇದ್ದ ಒಂದೇ ಕುರ್ಚಿ ಅವನಿಗೆ, ನಮಗೆ ಚಾಪೆ. ಹಾಡಿನ ಎಲ್ಲ ಚರಣ ಒಂದೇ ಉಸಿರಿಗೆ ಮುಗಿಸುತ್ತಿದ್ದ. ಬೈಬಲಿನಲ್ಲಿ ಯಾರಿಗೆ ಅನ್ಯಾಯವಾಗಿದ್ದರೂ, ಬೋಧನೆಯ ಪ್ರಸಂಗ ಮುಗಿಯುವಷ್ಟರಲ್ಲಿ ಆ ಅನ್ಯಾಯ ಅಪ್ಪನಿಗೇ ಆಗಿರುತ್ತಿತ್ತು. ಅಣ್ಣಂದಿರು ಬಾವಿಗೆ ನೂಕಿದ ಯೋಸೇಫನ ಕತೆಯೂ ಕೊನೆಗೆ ಬಿರಿಯಾನಿಗೆ ಬಂದು ನಿಲ್ಲುತ್ತಿತ್ತು. ಆಮೇಲೆ ಕಣ್ಣು ಮುಚ್ಚಿ, "ತಂದೆಯೇ, ತಿಳುವಳಿಕಿ ಇಲ್ಲದ ಅಯ್ಯನೋರಿಗೆ ತಿಳುವಳಿಕಿ ಕೊಡು" ಎಂದು ಬೇಡಿಕೊಳ್ಳುತ್ತಿದ್ದ. ಅದು ಪ್ರಾರ್ಥನೆಯಲ್ಲ, ಕಣ್ಣು ಮುಚ್ಚಿ ಬೈಯುವುದು. ಎಲ್ಲಿ ಉಸಿರು ತೆಗೆದುಕೊಳ್ಳುತ್ತಾನೋ ಎಂದು ಕಾದಿದ್ದು ತಮ್ಮ ಜೋರಾಗಿ "ಆಮೆನ್!" ಅನ್ನುತ್ತಿದ್ದ. ಬೇಗ ಮುಗಿದರೆ ಆಡಲು ಹೋಗಬಹುದಲ್ಲ.

ನಮ್ಮ ಚರ್ಚಿನಲ್ಲಿ ಪ್ರಸಂಗಕ್ಕೆ ಮೊದಲು ಸಾಕ್ಷಿಯ ಹೊತ್ತು ಎಂದು ಇರುತ್ತಿತ್ತು. ಯಾರು ಬೇಕಾದರೂ ಎದ್ದು ನಿಂತು, ಆ ವಾರ ದೇವರು ತಮಗೆ ಏನು ಮಾಡಿದ ಎಂದು ಎಲ್ಲರ ಮುಂದೆ ಹೇಳಬಹುದು. ಕೂಸಿನ ಜ್ವರ ಇಳಿದದ್ದು, ಕಳೆದ ಎಮ್ಮೆ ಸಿಕ್ಕದ್ದು, ಏನಾದರೂ. ಅಪ್ಪ ಅದನ್ನೂ ಬಿಡಲಿಲ್ಲ. "ಸಾಕ್ಷಿ ಹೇಳವರು ಯಾರರ ಇದ್ದೀರೇನು?" ಎಂದು ಮೂರು ಜನರ ಸಭೆಯನ್ನು ಕೇಳಿದ.

"ಯಾರಿಗೆ ಹೇಳ್ಲಿ?" ಅಂದಳು ಅವ್ವ. "ನನಗಾಗಿದ್ದರಾಗ ನಿಮಗ ಗೊತ್ತಿಲ್ಲದ್ದು ಏನೈತಿ?"

ಅವ್ವನ ತವರು ಗುರುಗುಂಟಾ. ಅಲ್ಲಿಂದ ಬರುವವರು ಅಪರೂಪ. ಮಸ್ಕಿಯಲ್ಲಿ ಅವಳ ತವರೆಂದರೆ ಶುಕ್ರವಾರದ ಉಪವಾಸ ಪ್ರಾರ್ಥನೆಯ ಹೆಂಗಸರು. ಸೀರೆ ಸೆರಗಿನಲ್ಲಿ ಕಣ್ಣೊರೆಸಿಕೊಳ್ಳುವುದು, ಒಬ್ಬರ ಅತ್ತೆಯನ್ನು ಇನ್ನೊಬ್ಬರು ಬೈಯುವುದು, ಉಪವಾಸ ಬಿಟ್ಟ ಮೇಲೆ ಚುರುಮುರಿ ಒಗ್ಗರಣೆ ಹಂಚಿಕೊಳ್ಳುವುದು, ಎಲ್ಲ ಅಲ್ಲೇ. ಅಪ್ಪನ ಒಂದು ಸೌಟಿನ ಸಿಟ್ಟಿಗೆ ಅವಳ ಆ ಮನೆಯೇ ಹೋಯಿತು. ಮನೆಯ ಯಜಮಾನ ಬಿಟ್ಟರೆ ಮನೆಯವರೆಲ್ಲ ಬಿಟ್ಟಂತೆ ಎಂದು ಯಾರು ಕಾಯಿದೆ ಮಾಡಿದ್ದರೋ ಕಾಣೆ. ಅಪ್ಪ ಹಾಗೆ ತಿಳಿದಿದ್ದ. ಅದಕ್ಕಿಂತ ಕೆಟ್ಟದ್ದು, ಇಡೀ ಸಭೆಯೂ ಹಾಗೆಯೇ ತಿಳಿದಿತ್ತು.

ಏಕೆಂದರೆ ನಮ್ಮಲ್ಲಿ ಒಂದು ಪದ್ಧತಿ ಇತ್ತು. ಯಾರಾದರೂ ಒಂದು ವಾರ ತಪ್ಪಿಸಿದರೂ ಸಾಕು, ಅಂದು ಮಧ್ಯಾಹ್ನವೇ ಸಭೆಯ ಹಿರಿಯ ದಾನಪ್ಪ ಅವರ ಬಾಗಿಲಲ್ಲಿ. "ಯಾಕ ಬಂದಿಲ್ಲ? ಜ್ವರ ಬಂದಾವೇನು?" ದಾನಪ್ಪ ಅಪ್ಪನ ಜೊತೆಗೇ ಗೌಂಡಿ ಕೆಲಸ ಕಲಿತವನು, ಗೆಳೆಯ. ಭಾನುವಾರ ಮಧ್ಯಾಹ್ನ ಅವ್ವ ಚಹಾದ ಕಪ್ಪು, ಬಸಿ ತೊಳೆದು ಬೋರಲು ಹಾಕಿ, ಸಕ್ಕರೆ ಡಬ್ಬಿ ಕೈಗೆ ಸಿಗುವ ಹಾಗೆ ಇಟ್ಟು ಕೂರುತ್ತಿದ್ದಳು. ಓಣಿಯಲ್ಲಿ ಚಪ್ಪಲಿ ಸಪ್ಪಳವಾದರೆ ಸೆರಗು ಸರಿಮಾಡಿಕೊಳ್ಳುತ್ತಿದ್ದಳು. ಯಾರೂ ಬರಲಿಲ್ಲ. ಒಮ್ಮೆ ದಾನಪ್ಪ ನಮ್ಮ ಓಣಿಯ ತುದಿಯ ಮನೆಗೆ ಬಂದು ಹಾಗೆಯೇ ತಿರುಗಿ ಹೋದದ್ದನ್ನು ನಾನೇ ನೋಡಿದೆ. ಅವ್ವನಿಗೆ ಹೇಳಲಿಲ್ಲ. ಅವಳೂ ನೋಡಿದ್ದಳು.

ಸಂಕ್ರಾಂತಿ ಹೋಯಿತು, ಶಿವರಾತ್ರಿ ಹೋಯಿತು, ಬಿಸಿಲು ಏರಿತು. ಗರಿಗಳ ಭಾನುವಾರ ಬಂತು. ಯೇಸುಸ್ವಾಮಿ ಕತ್ತೆಯ ಮೇಲೆ ಊರೊಳಗೆ ಬಂದಾಗ ಜನ ಗರಿ ಹಿಡಿದು ಎದುರುಗೊಂಡ ದಿನ. ನಮ್ಮ ಕಡೆ ತೆಂಗು ಎಲ್ಲಿ? ಹಳ್ಳದ ದಂಡೆಯ ಈಚಲ ಗರಿ ಕಡಿದು ತರುತ್ತಾರೆ. ಹಿಂದಿನ ವರ್ಷದವರೆಗೂ ನಾವು ಮಕ್ಕಳೇ ಹೋಗಿ, ಮುಳ್ಳು ಚುಚ್ಚಿಸಿಕೊಂಡು ತಂದು, ರಾತ್ರಿಯೆಲ್ಲ ನೀರಲ್ಲಿ ನೆನೆಸುತ್ತಿದ್ದೆವು. ಆ ಬೆಳಗ್ಗೆ ಮೆರವಣಿಗೆ ನಮ್ಮ ಓಣಿಯಲ್ಲೇ ಹಾದು ಬಂತು. "ಹೊಸನ್ನ! ಹೊಸನ್ನ!" ಮುಂದೆ ಅಯ್ಯನೋರು, ಹಿಂದೆ ನನ್ನ ಜೊತೆಯ ಹುಡುಗಿಯರು, ಅವರ ಹಿಂದೆ ಶುಕ್ರವಾರದ ಹೆಂಗಸರು. ಅವ್ವ ಕಸಬರಿಗೆ ಹಿಡಿದುಕೊಂಡೇ ಬಾಗಿಲಿಗೆ ಬಂದಳು. ನಮ್ಮ ಮನೆ ಬಂತು. ಹಾಡು ಇನ್ನೂ ಜೋರಾಯಿತು. ಎಲ್ಲರ ಕಣ್ಣೂ ಮುಂದಕ್ಕೆ. ಒಬ್ಬಿಬ್ಬರು ನೆಲ ನೋಡಿದರು. ಅವ್ವನ ಜೊತೆ ಅಷ್ಟು ವರ್ಷ ಒಂದೇ ಜಮಖಾನೆಯ ಮೇಲೆ ಕುಳಿತು ಅತ್ತವರು, ನಮ್ಮ ಗೋಡೆಗೆ ಗರಿ ತಾಗಿಸಿಕೊಂಡು ಹೋಗಿಬಿಟ್ಟರು.

ಅವ್ವ ಕಸಬರಿಗೆ ಬಿಸುಟಳು. ಕೈ ತೊಳೆದಳು. ನಮ್ಮಿಬ್ಬರ ರಟ್ಟೆ ಹಿಡಿದಳು. ಒಳಗೆ ಅಪ್ಪ ಆಗಲೇ ಕುರ್ಚಿಯಲ್ಲಿ ಕುಳಿತು ಬೈಬಲ್ ತೆರೆದಿದ್ದ.

"ಎಲ್ಲಿಗೆ ಹೊಂಟಿ?"

"ಸಾಕ್ಷಿ ಹೇಳಾಕ."

ನಾವು ಒಳಹೊಕ್ಕಾಗ ತಗಡಿನ ಕೆಳಗೆ ಗರಿಗಳ ಹಸಿ ವಾಸನೆ ತುಂಬಿತ್ತು. ಹೆಂಗಸರು ಸರಿದು ಜಾಗ ಬಿಟ್ಟರು. ಅವ್ವ ಕೂರಲಿಲ್ಲ. ಸಾಕ್ಷಿಯ ಹೊತ್ತು ಬರುವ ತನಕ ಬಾಗಿಲ ಪಕ್ಕ ನಿಂತೇ ಇದ್ದಳು. ಅಯ್ಯನೋರು ಕೇಳಿದ್ದೇ ತಡ, ತಲೆಯ ಮೇಲೆ ಸೆರಗು ಎಳೆದುಕೊಂಡಳು.

"ಎಲ್ಲಾರಿಗೂ ವಂದನೆಗಳ್ರಿ," ಅಂದಳು. "ನಾ ಎಂದೂ ಸಾಕ್ಷಿ ಹೇಳಿದಾಕಿ ಅಲ್ಲ. ಇವತ್ತು ಹೇಳ್ತೀನಿ. ಕ್ರಿಸ್‌ಮಸ್ಸಿನಿಂದ ಇಲ್ಲೀತನಕ ನಾ ಈ ಬಾಗಲಾ ದಾಟಿಲ್ಲ. ಯಾಕ ಬಂದಿಲ್ಲ ಅಂತ ಒಬ್ಬರೂ ಕೇಳಾಕ ಬರಲಿಲ್ಲ. ಅದಽ ನನ್ನ ಸಾಕ್ಷಿ."

ಅಯ್ಯನೋರು ಕೈ ಎತ್ತಿದರು. "ಅಮ್ಮಾ, ಆರಾಧನಿ ಆದಮ್ಯಾಲೆ ಕುಂತು ಮಾತಾಡೋಣಂತ…"

"ಆದಮ್ಯಾಲೆ ಬ್ಯಾಡ್ರಿ. ಬಿಡೂದು ಎಲ್ಲಾರೂ ಕೂಡಿ ಬಿಟ್ಟೀರಿ. ಕೇಳೂದೂ ಎಲ್ಲಾರೂ ಕೂಡಿ ಕೇಳ್ರಿ."

ಗಂಡಸರ ಕಡೆಯಿಂದ ದಾನಪ್ಪ ಎದ್ದ. "ತಂಗೀ, ಅವನ ಸಿಟ್ಟು ಇಳೀಲಿ ಅಂತ ಸುಮ್ಮನಿದ್ವಿ."

"ಸಿಟ್ಟು ಬಂದದ್ದು ಅವರಿಗೆ. ನನಗ ಏನು ಬಂದಿತ್ತಣ್ಣಾ? ಈ ಕೂಸುಗಳಿಗೆ ಏನು ಬಂದಿತ್ತು? ನಾವು ಅವರ ಅಂಗಿ ಗುಂಡಿ ಏನು, ಅವರ ಜೋಡಿ ಹೋಗಾಕ? ಕಳಕೊಂಡ ಕುರೀನ ಕುರುಬ ಹುಡುಕಿಕೋಂತ ಹೋದ ಕತಿ ವರ್ಷಾ ಹೇಳ್ತೀರಿ. ಕುರಿ ಎಲ್ಲೂ ಹೋಗಿರಲಿಲ್ರಿ. ಎರಡು ಓಣಿ ಆಚಿಗೆ ಇತ್ತು. ಇವತ್ತು ಅದರ ಬಾಗಲ ಮುಂದ ಹಾಡಿಕೋಂತ ಬಂದ್ರಿ!"

ಯಾರ ಸಾಕ್ಷಿ ಮುಗಿದರೂ ಸಭೆ ಆಮೆನ್ ಅನ್ನುತ್ತದೆ. ಅಂದು ಯಾರೂ ಅನ್ನಲಿಲ್ಲ. ನನ್ನ ತಮ್ಮ ಮಾತ್ರ, ಮನೆಯ ರೂಢಿಯಂತೆ, ಗಂಟಲು ಹರಿಯುವ ಹಾಗೆ "ಆಮೆನ್!" ಅಂದ. ಯಾರೋ ಹೆಂಗಸು ಅಳುತ್ತಾ ನಕ್ಕಳು. ಅಯ್ಯನೋರು ಕನ್ನಡಕ ತೆಗೆದು ಒರೆಸಿಕೊಂಡರು. ಅವ್ವ ಅಲ್ಲೇ ಕುಸಿದು ಕುಳಿತಳು, ಅಕ್ಕಪಕ್ಕದವರು ಅವಳ ಬೆನ್ನಿನ ಮೇಲೆ ಕೈ ಇಟ್ಟರು. ಅವಳು ಆ ಕೈಗಳನ್ನು ಸರಿಸಿದಳು. ಅವು ಮತ್ತೆ ಬಂದವು.

ಮಧ್ಯಾಹ್ನದ ಉರಿ ಬಿಸಿಲಲ್ಲಿ ದಾನಪ್ಪ, ಅಯ್ಯನೋರು ಇಬ್ಬರೂ ನಮ್ಮ ಮನೆಗೆ ಬಂದರು. ಅಪ್ಪ ಕಟ್ಟೆಯ ಮೇಲಿಂದ ಏಳಲಿಲ್ಲ.

"ಈಗ ದಾರಿ ಕಂಡೈತೇನು?"

"ನಿನ್ನ ಬಾಯಿಗೆ ಅಂಜಿ ಬರಲಿಲ್ಲಲೇ!" ಅಂದ ದಾನಪ್ಪ.

"ಅಂಜಾವ ಹಿರ್ಯಾ ಯಾಕ ಆದಿ?"

ಶುರುವಾಯಿತು. ಬಿರಿಯಾನಿಯಿಂದ ಹಿಡಿದು, ಚರ್ಚಿನ ಗೋಡೆ ಕಟ್ಟುವಾಗ ಯಾರು ಸಿಮೆಂಟು ಕಡಿಮೆ ಕಲಸಿದ್ದರು ಎಂಬ ತನಕ ಎಲ್ಲ ಹೊರಗೆ ಬಂತು. ಪಕ್ಕದ ಮನೆಯ ಹುಸೇನಬಿ ಓಡಿ ಬಂದಳು. "ಯಾ ಅಲ್ಲಾ, ನಿಮ್ಮ ಅಯ್ಯನೋರು ಜಗಳಕ್ಕ ಬಂದಾರೇನು?"

"ಹೂಂನವ್ವಾ," ಅಂದಳು ಅವ್ವ, ಸಕ್ಕರೆ ಡಬ್ಬಿ ತೆಗೆಯುತ್ತಾ, "ಕಡೀಕರ ಬಂದಾರ."

ಕೊನೆಗೆ ಅಯ್ಯನೋರೇ ಹೇಳಿದರು, ಕೇಳದೆ ಬಾಬರ್ಚಿಗೆ ಹೇಳಿದ್ದು ತಮ್ಮ ತಪ್ಪು, ದಣಿಯುತ್ತೀರಿ ಎಂದು ತಿಳಿದೆ ಎಂದು. "ನಮ್ಮ ಮನಿ ಕೆಲಸಕ್ಕ ನಾವು ದಣೀಬಾರದೇನ್ರಿ?" ಎಂದ ಅಪ್ಪ, ಕಟ್ಟೆಯ ಮೇಲೆ ಸರಿದು ಅವರಿಗೆ ಜಾಗ ಬಿಟ್ಟ. ಈಸ್ಟರ್ ದಿನ ಅವನೂ ಬಂದ, ಹಿಂದಿನ ಗೋಡೆಗೆ ಒರಗಿ ಕುಳಿತ. ಅವ್ವ ಮಾತ್ರ ಬಹಳ ದಿನ ಅವನಿಗೆ ಮಾತಿಲ್ಲದೆ ರೊಟ್ಟಿ ಬಡಿಸಿದಳು. ಸರಿಯಾಗೇ ಮಾಡಿದಳು.

ಆ ಸಭೆಯ ಮೇಲೆ ನನಗೆ ಇಂದಿಗೂ ಸಿಟ್ಟಿದೆ. ಆದರೆ ಈಗಿನ ಸಭೆಗಳ ಮೇಲೆ ಅದಕ್ಕಿಂತ ಹೆಚ್ಚು. ಈಗ ಸಿಟ್ಟು ಬಂದರೆ ಯಾರೂ ಜಗಳವಾಡುವುದಿಲ್ಲ, ಮುಂದಿನ ಓಣಿಯಲ್ಲಿ ಇನ್ನೊಂದು ಬೋರ್ಡು ಬರೆಸುತ್ತಾರೆ. ಮಸ್ಕಿಯಲ್ಲಿ ನಮ್ಮವರೇ ಮೂರು ಪಾಲಾಗಿದ್ದಾರೆ. ಹಬ್ಬದ ದಿನ ಒಬ್ಬರ ಮೈಕು ಇನ್ನೊಬ್ಬರ ಮೈಕನ್ನು ಮುಚ್ಚುತ್ತದೆ. ಮದುವೆಯಾಗಿ ಲಿಂಗಸುಗೂರಿಗೆ ಬಂದ ನಾನು ಹೋಗುವುದು ದೊಡ್ಡ ಹಾಲಿಗೆ. ಸಾಲು ಕುರ್ಚಿ, ಗೋಡೆಯಷ್ಟು ಪರದೆ, ಎದೆ ಅದುರುವ ಡ್ರಮ್ಮು. ಸಾಕ್ಷಿ ಅಲ್ಲೂ ಇದೆ. ಮೊದಲೇ ಹೇಳಿ ಒಪ್ಪಿಸಿಕೊಂಡವರು ವೇದಿಕೆ ಹತ್ತಿ, ಕಾಯಿಲೆ ವಾಸಿಯಾದದ್ದನ್ನೋ ಮನೆ ಕಟ್ಟಿದ್ದನ್ನೋ ಹೇಳಿ ಇಳಿಯುತ್ತಾರೆ. ಎಲ್ಲರೂ ಚಪ್ಪಾಳೆ ತಟ್ಟುತ್ತಾರೆ. ಅಲ್ಲಿ ಯಾರಿಗೂ ಯಾರ ಮೇಲೂ ಕೋಪವಿಲ್ಲ.

ಈ ಬೇಸಿಗೆಯಲ್ಲಿ ಕಾಮಾಲೆಯಾಗಿ ನಾನು ವಾರಗಟ್ಟಲೆ ಹಾಸಿಗೆ ಹಿಡಿದಿದ್ದೆ. ಮಸ್ಕಿಯಲ್ಲಿ ತಮ್ಮನ ಸಂಸಾರದ ಜೊತೆ ಇರುವ ಅವ್ವ ದಿನಾ ಫೋನ್ ಮಾಡುತ್ತಿದ್ದಳು. ಒಂದು ಭಾನುವಾರ ಕೇಳಿದಳು, "ನಿಮ್ಮ ಸಭಾದವರು ಯಾರರ ನೋಡಾಕ ಬಂದಿದ್ರೇನು?"

"ಮೊಬೈಲಿಗೆ ದಿನಾ ಬೈಬಲ್ ವಚನ ಕಳಸ್ತಾರವ್ವಾ. ಗುಲಾಬಿ ಹೂವು ಹಾಕಿ."

"ಎಲ್ಲಾರಿಗೂ ಅದಽ ಹೂವೇನು?"

"ಹೂಂ."

"ನಾ ಅವತ್ತು ಬೈಯಾಕ ಹೋದಾಗ ಬೈಸಿಕೊಳ್ಳಾಕ ಮಂದಿ ಇದ್ರು," ಅಂದಳು. "ನೀ ಎದ್ದು ಹೋದ್ರ ಯಾರನ್ನ ಬೈತಿ?"

ಯಾರಾದರೂ ಒಬ್ಬರ ಹೆಸರು ಹೇಳೋಣವೆಂದು ಬಾಯಿ ತೆರೆದೆ. ವಾರವಾರ ಬಾಗಿಲಲ್ಲಿ ನಕ್ಕು ನನಗೆ ಕುರ್ಚಿ ತೋರಿಸುವ ಹೆಣ್ಣುಮಗಳ ಹೆಸರೂ ನನಗೆ ಗೊತ್ತಿರಲಿಲ್ಲ.