ಅತ್ತಿಗೆ ಓದಿದ ನನ್ನ ಕವಿತೆ

ನೋಡಿ ಸ್ನೇಹಿತರೇ, ಬೆಳಿಗ್ಗೆ ನಾನಿಲ್ಲಿ ಹಾಕಿದ ಕವಿತೆಯಿಂದ ಮಧ್ಯಾಹ್ನ ನಮ್ಮ ಮನೆಯಲ್ಲಿ ಪಂಚಾಯಿತಿಯೇ ನಡೆಯಿತು. ಹೆಂಗಸೊಬ್ಬಳು ಭದ್ರಾ ಹಿನ್ನೀರಿನ ದಂಡೆಯಲ್ಲಿ ಕೂತು, ಇನ್ನು ಮನೆಗೆ ಹೋಗುವುದಿಲ್ಲ ಎನ್ನುತ್ತಾಳೆ. ಅಷ್ಟೇ ಕವಿತೆ.

ಅದನ್ನು ಓದಿದ ನನ್ನ ಗಂಡನ ಅಕ್ಕ ನರಸಿಂಹರಾಜಪುರದಲ್ಲಿ ಬಸ್ಸು ಹತ್ತಿ ಕೊಪ್ಪದ ನಮ್ಮ ಮನೆಗೇ ಬಂದುಬಿಟ್ಟರು. ಒಂದು ಲೋಟ ನೀರೂ ಕುಡಿಯದೆ ತಮ್ಮನನ್ನು ಕೇಳಿದರು: "ಎಂತ ಮಾಡಿದ್ಯೋ ಇವಳಿಗೆ?"

"ಅತ್ತಿಗೆ, ಅದು ಕವಿತೆ. ಆ ಹೆಂಗಸು ನಾನಲ್ಲ" ಎಂದೆ.

"ಮತ್ತೆ 'ನಾನು' ಅಂತ ಬರ್ದಿದೀಯಲ್ಲೇ! ಓದಿದವ್ರು ಎಂತ ಅಂದ್ಕೊಳ್ತಾರೆ?"

ನನಗೆ ರೇಗಿತು. ನನ್ನ ಗಂಡನೂ ಕವಿತೆ ಬರೆಯುತ್ತಾರೆ. ಹೋದ ತಿಂಗಳು, 'ಸಂಸಾರ ಬಿಟ್ಟು ಕಾಡಿಗೆ ಹೊರಟೆ ನಾನು' ಎಂದು ಬರೆದಿದ್ದರು. ಇದೇ ಅತ್ತಿಗೆ ಅದನ್ನು ಹೆಮ್ಮೆಯಿಂದ ಸ್ಟೇಟಸ್ಸಿಗೆ ಹಾಕಿಕೊಂಡಿದ್ದರು.

"ಇವರು ಕಾಡಿಗೆ ಹೊರಟಾಗ ನೀವು ಬಸ್ಸು ಹತ್ತಲಿಲ್ವಲ್ಲ ಅತ್ತಿಗೆ?" ಎಂದು ಕೇಳಿದೆ.

"ಗಂಡಸ್ರು ಬರಿಯೋದು ಬೇರೆ."

ಸ್ವತಃ ಕವಿಯಾದವರು ನನ್ನ ಪರವಾಗಿ ಒಂದು ಮಾತಾಡಿಯಾರೆಂದು ಗಂಡನ ಮುಖ ನೋಡಿದೆ.

"ಸುಮ್ನೆ ಯಾಕೆ ರಗಳೆ? ಅದನ್ನ ತೆಗ್ದುಬಿಡು ಮಾರಾಯ್ತಿ" ಎಂದರು.

ತೆಗೆದಿಲ್ಲ. ಅದನ್ನು ಬರೆಯುವಾಗ ನನಗೆ ಗಂಡನ ಮೇಲೆ ಎಳ್ಳಷ್ಟೂ ಸಿಟ್ಟಿರಲಿಲ್ಲ. ಈಗ ಇದೆ.